ಅಪ್‌ಡೇಟ್: ಹತ್ತಡಿ ಕೋಣೆಯ ಗುಂಯ್‌ಗುಡುವಿಕೆ ಇಳಿಯಿತು

ಕೋಲಾರದ ನಮ್ಮ ಮನೆಯ 10x10 ಅಡಿ ಕೋಣೆಯಲ್ಲಿ ಅಪ್ಪನ ತತ್ವಪದಗಳನ್ನು ರೆಕಾರ್ಡ್ ಮಾಡಿದರೆ ದನಿ ಡಬ್ಬದೊಳಗಿನಿಂದ ಬಂದಂತಿರುತ್ತದೆ, ಏನು ಮಾಡಲಿ ಎಂದು ಕೇಳಿದ್ದೆ. ನೀವು ಹೇಳಿದಂತೆ ಮೊದಲು ದನಿಯ ಮಾರ್ದನಿ ತಗ್ಗಲೆಂದು ಗೋಡೆಗೆ ಅಂಟಿಸಿದ್ದ ಮೊಟ್ಟೆ ಟ್ರೇಗಳನ್ನೆಲ್ಲ ಕಿತ್ತೆ. ಉದ್ದ ಅಗಲ ಎರಡೂ ಹತ್ತಡಿಯಾದ ಕೋಣೆಯಲ್ಲಿ ಸುಮಾರು 56 ಮತ್ತು 112 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ ಅಷ್ಟು ಕಂಪನ) ಕಟ್ಟಿಕೊಳ್ಳುವ ಗುಂಯ್‌ಕಾರವನ್ನು ಅವು ಮುಟ್ಟುವುದೇ ಇಲ್ಲ; ಗಂಡುದನಿಯ ತಳಸ್ವರ ಇರುವುದೂ ಆ 112ರ ಆಸುಪಾಸಿನಲ್ಲೇ.

ಬಡಗಿಯಿಂದ ಮರದ ಚೌಕಟ್ಟು ಮಾಡಿಸಿ, ಸದ್ದು ಹೀರುವ 4 ಅಂಗುಲ ದಪ್ಪದ ರಾಕ್‌ವೂಲ್ (ಕಲ್ಲು ಕರಗಿಸಿ ತೆಗೆದ ನಾರಿನ ಹಾಸು) ತುಂಬಿ, ಹಳೆಯ ಹತ್ತಿ ಪಂಚೆ ಬಿಗಿದು, ನಾಲ್ಕು ಮೂಲೆಗಳಿಗೂ ಮೈಕ್‌ನ ಎರಡು ಪಕ್ಕಕ್ಕೂ ನಿಲ್ಲಿಸಿದೆ. ಕೈಗವಸು, ಮುಖಗವಸು ಬೇಕೇ ಬೇಕು. ಮೊದಲ ದಿನ ಮುಂಗೈಯೆಲ್ಲ ತುರಿಸಿತು.

ನಿನ್ನೆ ಚಪ್ಪಾಳೆ ತಟ್ಟಿ ನೋಡಿದೆ, ಹಳೆಯ ಟಣಟಣ ಇಲ್ಲ. ಹೆಡ್‌ಫೋನ್ ಹಾಕಿಕೊಂಡ ಅಪ್ಪ, "ತಂಬೂರಿಯ ತಂತಿ ಈಗ ತಂತಿಯ ಹಾಗೆ ಕೇಳುತ್ತದೆ" ಎಂದರು. ಎಲ್ಲರಿಗೂ ಮನಸಾರೆ ಕೃತಜ್ಞತೆಗಳು. ಛಾವಣಿಯ ಕೆಲಸ ಬಾಕಿ ಇದೆ.