ಮೇ ಸಲೋಂಗ್‌ನಲ್ಲಿ ಒಂದು ರಾತ್ರಿ ಉಳಿಯಿರಿ ಅತ್ತಿಗೆ

ಅತ್ತಿಗೆ, ಥಾಯ್ಲೆಂಡಿನ ಚಿಯಾಂಗ್ ರಾಯ್‌ನಿಂದ ಮೇ ಸಲೋಂಗ್‌ಗೆ ಬೆಳಿಗ್ಗೆ ಹೋಗಿ ಸಂಜೆಗೆ ವಾಪಸ್ ಬರಬಹುದಾ ಅಂತ ಕೇಳಿದ್ದಿರಿ. ಬರಬಹುದು. ಆದರೆ ನನ್ನ ಮಾತು ಕೇಳಿ, ಒಂದು ರಾತ್ರಿ ಅಲ್ಲೇ ಉಳಿಯಿರಿ. ದಾರಿ ತುಂಬಾ ತಿರುವು. ಅಣ್ಣನಿಗೆ ಘಾಟಿ ಅಂದರೆ ಹೊಟ್ಟೆ ತೊಳೆಸುತ್ತದೆ ಅಲ್ವಾ, ಒಂದೇ ದಿನ ಎರಡು ಸಲ ಬೇಡ.

ಊರು ಥಾಯ್ಲೆಂಡಿನದು, ಆದರೆ ಅಂಗಡಿ ಬೋರ್ಡಿನ ಮೇಲೆಲ್ಲ ಚೀನೀ ಅಕ್ಷರ. 1949ರಲ್ಲಿ ಚೀನಾದಲ್ಲಿ ಮಾವೋ ಕಡೆಯ ಕಮ್ಯುನಿಸ್ಟರು ಗೆದ್ದರಲ್ಲ, ಆಗ ಸೋತ ಹಿಂದಿನ ಸರ್ಕಾರದ, ಅಂದರೆ ಕುವೋಮಿನ್‌ಟಾಂಗ್ ಸೈನಿಕರಲ್ಲಿ ಒಂದಷ್ಟು ಜನ ಗಡಿ ಪ್ರಾಂತ್ಯ ಯುನ್ನಾನ್‌ನಿಂದ ಬರ್ಮಾಕ್ಕೆ ದಾಟಿದರು. ಅಲ್ಲಿಯೂ ಇರಲು ಬಿಡಲಿಲ್ಲ. 1960ರ ದಶಕದ ಶುರುವಿನಲ್ಲಿ ತಮ್ಮ ನಾಯಕ ಜನರಲ್ ತುವಾನ್ ಜೊತೆ ಈ ಬೆಟ್ಟ ಹತ್ತಿದರು. ಮೊದಲು ಹೊಟ್ಟೆಪಾಡು, ಬಂದೂಕಿನ ಖರ್ಚು ಎಲ್ಲವೂ ಅಫೀಮಿನ ವ್ಯಾಪಾರದಿಂದ. ಆಮೇಲೆ ಥಾಯ್ ಸರ್ಕಾರದ ಪರ ಕಮ್ಯುನಿಸ್ಟರ ವಿರುದ್ಧ ಹೋರಾಡಿ ಪೌರತ್ವ ಪಡೆದರು. ಅಫೀಮು ಬಿಡಿಸಲು ತಂದದ್ದೇ ಟೀ. ಒಳ್ಳೆಯ ತಳಿಗಳು ತೈವಾನ್‌ನಿಂದ ಬಂದವು. ಜನರಲ್ ಸಮಾಧಿ ಊರಿನ ಮೇಲೆಯೇ ಇದೆ, ತಪ್ಪದೆ ನೋಡಿ.

ಇನ್ನು ಟೀ. ಹಾಲು ಸಕ್ಕರೆ ಕೇಳಬೇಡಿ, ದಯವಿಟ್ಟು! ಅಂಗಡಿಯಲ್ಲಿ ಕೂರಿಸಿ ಸುಮ್ನೆ ರುಚಿಗೆ ಕೊಡುತ್ತಾರೆ. ಅಲ್ಲಿನ ಊಲಾಂಗ್ ಅನ್ನುವ ಟೀ ಎಲೆ ಕಾಳುಮೆಣಸಿನ ಹಾಗೆ ಉಂಡೆಯಾಗಿರುತ್ತದೆ. ಮೊದಲ ಸಲ ಹಾಕಿದ ಬಿಸಿನೀರು ಚೆಲ್ಲಿಬಿಡುತ್ತಾರೆ, ಅದು ಎಲೆ ತೊಳೆಯುವುದಕ್ಕೆ. ಆಮೇಲೆ ಅದೇ ಎಲೆಗೆ ಮತ್ತೆ ಮತ್ತೆ ನೀರು. ಎರಡನೆಯದು, ಮೂರನೆಯದು ನನಗೆ ಬಹಳ ಇಷ್ಟ. 12ನೇ ನಂಬರ್ ಅಂತ ಒಂದು ತಳಿ ಇದೆ, ಹಾಲೇ ಹಾಕದೆ ಹಾಲಿನ ಘಮ ಬರುತ್ತದೆ. ಕೊಳ್ಳಲೇಬೇಕು ಅಂತ ಒತ್ತಾಯವಿಲ್ಲ, ಆದರೂ ಅಷ್ಟು ಕುಡಿದು ಬರಿಗೈಯಲ್ಲಿ ಏಳುವುದು ನನ್ನಿಂದಾಗಲಿಲ್ಲ.

ಊಟಕ್ಕೆ ಸ್ವಲ್ಪ ಕಷ್ಟ. ಯುನ್ನಾನ್ ನೂಡಲ್ಸ್ ಸಾರಿನಲ್ಲಿ ಮಾಂಸ ಇದ್ದೇ ಇರುತ್ತದೆ. ‘ಜೇ’ ಅಂತ ಹೇಳಿದರೆ ಶುದ್ಧ ಸಸ್ಯಾಹಾರ ಬೇಕು ಅಂತ ಅವರಿಗೆ ಅರ್ಥವಾಗುತ್ತದೆ. ಅಮ್ಮನಿಗೆ ಬೇಕಾದರೆ ಚಟ್ನಿಪುಡಿ, ಅವಲಕ್ಕಿ ಇಟ್ಟುಕೊಳ್ಳಿ. ಬೆಳಗಿನ ಜಾವದ ಸಂತೆಗೆ ಆಖಾ ಎಂಬ ಬೆಟ್ಟದ ಬುಡಕಟ್ಟಿನ ಹೆಂಗಸರು ಬೆಳ್ಳಿ ಟೊಪ್ಪಿ ಹಾಕಿಕೊಂಡು ಸೊಪ್ಪು ತರಕಾರಿ ತರುತ್ತಾರೆ. ಉಳಿಯಿರಿ ಅಂದದ್ದು ಇದಕ್ಕೇ. ಬೆಟ್ಟದ ತುದಿಯ ಸ್ತೂಪಕ್ಕೆ 700ಕ್ಕೂ ಜಾಸ್ತಿ ಮೆಟ್ಟಿಲು, ಅಮ್ಮನನ್ನು ಗಾಡಿಯಲ್ಲೇ ಕರೆದುಕೊಂಡು ಹೋಗಿ.

ಡಿಸೆಂಬರ್ ಅಂದಿರಲ್ಲ, ಸ್ವೆಟರ್ ಮರೆಯಬೇಡಿ. ಶೇರ್ ಗಾಡಿ ನಂಬಬೇಡಿ, ಮಧ್ಯಾಹ್ನದ ಮೇಲೆ ಸಿಗುವುದು ಕಷ್ಟ. ಮತ್ತೆ ನನಗೆ ಕಾಲು ಕೆಜಿ 12ನೇ ನಂಬರ್ ತನ್ನಿ, ದುಡ್ಡು ಈಗಲೇ ಹಾಕುತ್ತೇನೆ.