ಮಗಳು ಕಳಿಸಿದ 'ಬ್ರ್ಯಾಟ್' ಆಲ್ಬಮ್ ಕೇಳುವುದು ಹೇಗೆ? ಕೇಳಿದವರು ಹೇಳಿ

ವಿಜಯಪುರದಿಂದ, ಬ್ಲೌಸ್ ಹೊಲಿಯುವವಳು:

ಎಲ್ಲರಿಗೂ ನಮಸ್ಕಾರ. ನನ್ನದು ಸಣ್ಣ ಸಮಸ್ಯೆ, ನಗಬೇಡಿ. ಮಗಳು ಬೆಳಗಾವಿಯಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಹೋದ ವಾರ ಒಂದು ಆಲ್ಬಮ್ ಕಳಿಸಿದಳು. "ಅವ್ವಾ, ಪೂರ್ತಿ ಕೇಳು. ಆಮೇಲೆ ಮಾತಾಡೋಣ" ಅಂದಳು. ಇಂಗ್ಲೆಂಡಿನ ಚಾರ್ಲಿ ಎಕ್ಸ್‌ಸಿಎಕ್ಸ್ ಎಂಬ ಗಾಯಕಿಯದು. ಹೆಸರು 'ಬ್ರ್ಯಾಟ್'. 2024ರ ಜೂನ್ 7ಕ್ಕೆ ಬಂದದ್ದು. ಮುಖಪುಟದಲ್ಲಿ ಫೋಟೋನೂ ಇಲ್ಲ. ನಂಬರ್ ಪ್ಲೇಟ್ ಅಂಗಡಿಯಲ್ಲಿ ಸಿಗುವ ರೇಡಿಯಂ ಹಸಿರು ಬಣ್ಣ, ಮೇಲೆ ಮಸುಕಾದ ನಾಲ್ಕು ಅಕ್ಷರ, ಅಷ್ಟೇ.

ರಾತ್ರಿ ಊಟ ಆದ ಮೇಲೆ ಫೋನಿನಲ್ಲಿ ಹಾಕಿದೆ. ಎರಡನೇ ಹಾಡಿಗೇ ತಲೆ ಗಿರ್ ಅಂತು. ತಗಡಿನ ಮೇಲೆ ಯಾರೋ ಕುಟ್ಟಿದ ಹಾಗೆ. ಹುಡುಗಿಯ ದನಿ ಮಷಿನ್ನಿನಿಂದ ಬಂದ ಹಾಗೆ. ಮೂರನೇ ಹಾಡಿಗೆ ಬಂದ್ ಮಾಡಿದೆ. ನಾನು ರೇಡಿಯೋ ಕೇಳಿ ಬೆಳೆದವಳು. ಪಲ್ಲವಿ, ಚರಣ, ನಡುವೆ ಒಂದು ಕೊಳಲು ಇದ್ದರೆ ಖುಷಿ. ಇಂಗ್ಲಿಷ್ ಸ್ವಲ್ಪ ಓದಿದರೆ ತಿಳಿಯುತ್ತದೆ, ಕೇಳಿದರೆ ತಿಳಿಯುವುದಿಲ್ಲ. ಆದರೆ ಮಗಳು ಏನನ್ನೋ ಹೇಳಬೇಕೆಂದೇ ಇದನ್ನು ಕಳಿಸಿದ್ದಾಳೆ ಅಂತ ಮನಸ್ಸು ಹೇಳುತ್ತಿದೆ. ಶನಿವಾರ ಫೋನ್ ಮಾಡುತ್ತಾಳೆ. ಅಷ್ಟರೊಳಗೆ ಹೇಗೆ ಕೇಳಲಿ? ಇಂಥದ್ದನ್ನು ಕೇಳಿ ರೂಢಿ ಇದ್ದವರು ಹೇಳಿ.

ಬೆಳಗಾವಿಯಿಂದ, ಸೌಂಡ್ ಬಾಡಿಗೆ ಕೊಡುವವನು:

ಅಕ್ಕಾರ, ತಪ್ಪು ನಿಮ್ಮದಲ್ಲ, ಫೋನಿನದು. ಹದಿನೈದು ವರ್ಷದಿಂದ ಗಣಪತಿ ಮೆರವಣಿಗೆಗೆ ಡಾಲ್ಬಿ, ಅಂದರೆ ದೊಡ್ಡ ಸ್ಪೀಕರ್ ಬಾಕ್ಸು, ಹಚ್ಚುತ್ತಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ಈ ಜಾತಿಯ ಹಾಡಿನ ಜೀವ ಇರುವುದು ತಳದಲ್ಲಿ. ಧಮ್ ಧಮ್ ಅನ್ನುತ್ತದಲ್ಲ, ಅದಕ್ಕೆ ನಾವು ಕಿಕ್ ಅನ್ನುತ್ತೇವೆ. ಅದರ ತೂಕ 50-60 ಹರ್ಟ್ಸ್ ಹತ್ತಿರ ಇರುತ್ತದೆ. ಫೋನಿನ ಸ್ಪೀಕರ್ ಬೆರಳಿನ ಉಗುರಿನಷ್ಟು. ಅಷ್ಟು ಕೆಳಗಿನ ಸದ್ದು ಅದರಿಂದ ಹೊರಡುವುದೇ ಇಲ್ಲ. ಉಳಿಯುವುದು ಮೇಲಿನ ಚಿಟ್ ಚಿಟ್ ಮಾತ್ರ. ಅದಕ್ಕೇ ನಿಮಗೆ ತಗಡು ಕುಟ್ಟಿದ ಹಾಗೆ ಕೇಳಿಸಿದ್ದು. ನೀವು ಅರ್ಧ ಹಾಡು ಕೇಳಿದ್ದೀರಿ, ಅದೂ ಕೆಟ್ಟ ಅರ್ಧ.

ಕಿವಿಯೊಳಗೆ ಬಿಗಿಯಾಗಿ ಕೂರುವ ಇಯರ್‌ಫೋನ್ ಹಾಕಿ. ವೈರ್ ಇದ್ದದ್ದೇ ಸಾಕು, ದುಬಾರಿ ಬೇಡ. ರಬ್ಬರ್ ಬುಡ್ಡಿ ಸಡಿಲ ಇದ್ದರೆ ಬೇಸ್ ಸೋರಿ ಹೋಗುತ್ತದೆ. ಪೆಟ್ಟಿಗೆಯಲ್ಲಿ ಮೂರು ಅಳತೆ ಕೊಟ್ಟಿರುತ್ತಾರೆ, ನಿಮ್ಮ ಕಿವಿಗೆ ಹೊಂದುವುದನ್ನು ಹಾಕಿ. ವಾಲ್ಯೂಮ್ ಶೇ. 60 ದಾಟಿಸಬೇಡಿ. ಇದನ್ನು ನಾನು ಹೇಳಿದರೆ ನನ್ನ ಹುಡುಗರು ನಗುತ್ತಾರೆ. ಆದರೆ ಒಂದು ವರ್ಷ ಬಾಕ್ಸಿನ ಮುಂದೆ ರಾತ್ರಿಯಿಡೀ ನಿಂತು, ಆಮೇಲೆ ಎಡಗಿವಿಯಲ್ಲಿ ಎಂಟು ದಿನ ಗುಂಯ್ ಅಂದಿತ್ತು. ಈಗಲೂ ಮಳೆ ನಿಂತ ರಾತ್ರಿ ಕೇಳಿಸುತ್ತದೆ.

ಇನ್ನೊಂದು ಗಮನಿಸಿ. ಡಾನ್ಸ್ ಹಾಡುಗಳಲ್ಲಿ ಕಿಕ್ ಬಿದ್ದ ಕ್ಷಣಕ್ಕೆ ಉಳಿದ ಸದ್ದೆಲ್ಲ ಸ್ವಲ್ಪ ತಗ್ಗುತ್ತದೆ, ಮತ್ತೆ ಏಳುತ್ತದೆ. ಬೇಕಂತಲೇ ಹಾಗೆ ಮಾಡುತ್ತಾರೆ, ಸೈಡ್‌ಚೈನ್ ಅಂತ ಅದರ ಹೆಸರು. ಹಾಡು ಉಸಿರಾಡಿದ ಹಾಗೆ ಅನ್ನಿಸುವುದು ಅದರಿಂದಲೇ. ಒಮ್ಮೆ ಅದು ಕಿವಿಗೆ ಸಿಕ್ಕಿತು ಅಂದರೆ ಬಿಡುವುದಿಲ್ಲ.

ಮಷಿನ್ ದನಿಯ ವಿಷಯ. ಅದು ಆಟೋಟ್ಯೂನ್. 1997ರಲ್ಲಿ ಬಂದ ಸಾಫ್ಟ್‌ವೇರ್, ತಪ್ಪಿದ ಸ್ವರ ಸರಿಮಾಡಲು ಮಾಡಿದ್ದು. ಮರುವರ್ಷವೇ ಶೇರ್ ಎಂಬ ಗಾಯಕಿಯ ಹಾಡಿನಲ್ಲಿ ಅದನ್ನು ಬೇಕಂತಲೇ ಅತಿಯಾಗಿ ತಿರುಗಿಸಿದರು. ಅಲ್ಲಿಂದ ಅದೇ ಒಂದು ವಾದ್ಯ ಆಗಿದೆ. ಈ ಹುಡುಗಿಗೆ ಹಾಡಲು ಬರುವುದಿಲ್ಲ ಅಂತ ತಿಳಿಯಬೇಡಿ. ದನಿಗೆ ಜರಿ ಅಂಚು ಹಚ್ಚಿದ್ದಾಳೆ ಅನ್ನಿ, ನಿಮ್ಮ ಭಾಷೆಯಲ್ಲಿ.

ಮುಧೋಳ ಕಡೆಯಿಂದ, ಟ್ರ್ಯಾಕ್ಟರ್ ಡ್ರೈವರ್:

ಕಬ್ಬಿನ ಸೀಸನ್ ಇಲ್ಲ, ಟ್ರ್ಯಾಕ್ಟರ್ ಮನೆ ಮುಂದೆ ಸುಮ್ನೆ ನಿಂತಿದೆ. ಇದನ್ನು ಓದಿ ನನ್ನ ನಾಲ್ಕು ಬಾಕ್ಸಿಗೆ 'ವಾನ್ ಡಚ್' ಅನ್ನೋ ಆರನೇ ಹಾಡು ಹಚ್ಚಿದೆ. ನಮ್ಮ ಜಾನಪದ ಡಿಜೆ ಹಾಡಿನಲ್ಲಿ ಹಾಡುವವನ ದನಿ ಮುಂದೆ, ಬಾರಿಸುವುದು ಹಿಂದೆ. ಇದರಲ್ಲಿ ಬೇಸ್ ಎದುರಿಗೇ ಬಂದು ನಿಲ್ಲುತ್ತದೆ. ಮಸ್ತ್ ಇದೆ. ಎಮ್ಮೆ ಹಗ್ಗ ಕಿತ್ತುಕೊಂಡು ಹೋಯಿತು. ಅವ್ವ ಬೈದಳು. ನೀವು ಇಯರ್‌ಫೋನ್ ಹಾಕಿಕೊಂಡೇ ಕೇಳಿ.

ಬೆಳಗಾವಿಯಿಂದ, ಇಂಜಿನಿಯರಿಂಗ್ ವಿದ್ಯಾರ್ಥಿನಿ:

ಕಾಕು, ನಾನೂ ಹಾಸ್ಟೆಲಿನವಳೇ. ನಿಮ್ಮ ಮಗಳು ಯಾಕೆ ಕಳಿಸಿದಳು ಅನ್ನುವುದು ನನಗೆ ಗೊತ್ತಿಲ್ಲ. ಆದರೆ ನಾನು ಈ ಆಲ್ಬಮ್ಮನ್ನು ಅವ್ವನಿಗೆ ಕಳಿಸುವ ಧೈರ್ಯ ಮಾಡಿಲ್ಲ. ನಿಮ್ಮ ಮಗಳು ಮಾಡಿದ್ದಾಳೆ ಅಂದರೆ ನಿಮ್ಮ ಮೇಲೆ ಅವಳಿಗೆ ಭರವಸೆ ಇದೆ.

ಬ್ರ್ಯಾಟ್ ಅಂದರೆ ನಮ್ಮ ಕಡೆ ಹೇಳುವ ಹಾಗೆ ಉಡಾಳ ಹುಡುಗಿ. ಮೊದಲ ಹಾಡು ಕೇಳಿದರೆ ಎಂಥ ಸೊಕ್ಕು ಅನ್ನಿಸುತ್ತದೆ. ಮುಂದೆ ಹೋದ ಹಾಗೆ ಅದರೊಳಗಿನ ಹೆದರಿಕೆ ಕಾಣುತ್ತದೆ. ಬೇರೆ ಹುಡುಗಿಯರ ಮೇಲೆ ಹೊಟ್ಟೆಕಿಚ್ಚು, ಪಾರ್ಟಿಯಲ್ಲಿ ಏನಾದರೂ ಪೆದ್ದು ಮಾತಾಡಿಬಿಡುತ್ತೇನೇನೋ ಅನ್ನುವ ಅಂಜಿಕೆ. ಅದಕ್ಕೇ ನಾನು ಹೇಳುವುದು, ಮೊದಲಿನಿಂದ ಶುರು ಮಾಡಬೇಡಿ. ನಾಲ್ಕನೆಯದು ಹಾಕಿ. 'ಐ ಮೈಟ್ ಸೇ ಸಮ್‌ಥಿಂಗ್ ಸ್ಟುಪಿಡ್' ಅಂತ, ಎರಡು ನಿಮಿಷವೂ ಇಲ್ಲ. ಅದರಲ್ಲಿ ಧಮ್ ಧಮ್ ಇಲ್ಲವೇ ಇಲ್ಲ. ಆಮೇಲೆ ಏಳನೆಯದು. ಅದು ಪಿಟೀಲಿನ ಗುಂಪಿನಿಂದ ಶುರುವಾಗಿ ಬೀಟ್‌ಗೆ ಜಾರುತ್ತದೆ. ಇಟಲಿಯಲ್ಲಿ ಕಂಡದ್ದನ್ನು ಒಂದೊಂದಾಗಿ ಹೇಳುತ್ತಾ ಹೋಗುತ್ತಾಳೆ. ನಮ್ಮಜ್ಜಿ ಯಾತ್ರೆಯಿಂದ ಬಂದು ಹೇಳುವ ಹಾಗೆ.

ಒಂಬತ್ತನೆಯದು 'ಸೋ ಐ'. ಸೋಫಿ ಅಂತ ಅವಳ ಗೆಳತಿ, ಜೊತೆಗೆ ಹಾಡು ಕಟ್ಟಿದವಳು. 2021ರ ಜನವರಿಯಲ್ಲಿ ಅಥೆನ್ಸ್‌ನಲ್ಲಿ ಬಿದ್ದು ತೀರಿಹೋದಳು. ಬದುಕಿದ್ದಾಗ ನಾನೇ ದೂರ ಉಳಿದೆನಲ್ಲ ಅನ್ನುವ ಸಂಕಟ ಆ ಹಾಡು. ನಾನು ಇದನ್ನು ಮೆಸ್ಸಿನಲ್ಲಿ ತಟ್ಟೆ ಮುಂದೆ ಇಟ್ಟುಕೊಂಡು ಕೇಳಿ ಅತ್ತಿದ್ದೇನೆ. ಡಾನ್ಸ್ ಆಲ್ಬಮ್ ಕೇಳಿ ಯಾರಾದರೂ ಅಳುತ್ತಾರಾ ಅಂತ ರೂಮ್‌ಮೇಟ್ ಕೇಳಿದಳು.

ಒಂದು ಎಚ್ಚರಿಕೆ. ಬೈಗುಳ ಬಹಳ ಇವೆ. ಕೊನೆಯ ಹಾಡಿನಲ್ಲಿ ನಶೆಯ ಮಾತೂ ಇದೆ. ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಸ್ಪೀಕರಿಗೆ ಹಾಕಬೇಡಿ. ಮಗಳು ಅದನ್ನೆಲ್ಲ ಮಾಡುತ್ತಾಳೆ ಅಂತ ಎದೆ ಒಡೆದುಕೊಳ್ಳಲೂ ಬೇಡಿ, ಪ್ಲೀಸ್.

ವಿಜಯಪುರದಿಂದ, ನಿವೃತ್ತ ಸಂಗೀತ ಮಾಸ್ತರು:

ತಂಗಿ, ನಾನೂ ಕೇಳಿದೆ. ಮೊಮ್ಮಗ ಹಾಕಿಕೊಟ್ಟ. ಪೂರ್ತಿ ಎರಡು ಸಲ, ಬೇಕಾದ ಕಡೆ ಮೂರನೇ ಸಲ. ನನಗೆ ಬಹಳ ಹಿಡಿಸಲಿಲ್ಲ. ಇದನ್ನು ಮುಚ್ಚಿಡುವುದಿಲ್ಲ. ತಾಳ ಅಂದರೆ ನಾಲ್ಕು ಮಾತ್ರೆ, ಮತ್ತೆ ನಾಲ್ಕು ಮಾತ್ರೆ. ತಾಳ ಒಂದು ಸುತ್ತು ತಿರುಗಿ ಮೊದಲ ಮಾತ್ರೆಗೆ, ಅಂದರೆ ಸಮ್‌ಗೆ, ಬಂದು ಕೂಡುವ ಸುಖ ಇದರಲ್ಲಿ ಇಲ್ಲ. ಎಲ್ಲ ಮಾತ್ರೆಯೂ ಸಮ್ ಆದರೆ ಕಾಯುವುದು ಯಾವುದಕ್ಕೆ?

ಆದರೆ "ಅದೇ ಅದೇ ಬರುತ್ತದೆ" ಅನ್ನುವ ದೂರನ್ನು ನಾನು ಒಪ್ಪುವುದಿಲ್ಲ. ತಂಬೂರಿಯೂ ಅದೇ ಅದೇ ಮೀಟುತ್ತದೆ. ಅದಕ್ಕೆ ಯಾರೂ ಬೇಸರ ಮಾಡುವುದಿಲ್ಲ. ನಮ್ಮ ಊರನ್ನು ಆಳಿದ ಎರಡನೇ ಇಬ್ರಾಹಿಂ ಆದಿಲ್‌ಶಾಹ ತನ್ನ ತಂಬೂರಿಗೆ ಮೋತಿಖಾನ್ ಅಂತ ಹೆಸರಿಟ್ಟು, ತಾನೇ ಬರೆದ ಹಾಡುಗಳ ಪುಸ್ತಕ 'ಕಿತಾಬ್-ಎ-ನೌರಸ್'ನಲ್ಲಿ ಅದನ್ನು ಹಾಡಿ ಹೊಗಳಿದ. ಆ ಒಂದೇ ಮೀಟಿನ ಮೇಲೆ ಏನು ಬದಲಾಗುತ್ತದೆ ಅಂತ ಕಿವಿ ಕೊಡುವುದು ನಮಗೆ ರೂಢಿ ಇದೆ. ಇಲ್ಲೂ ಅಷ್ಟೇ ಮಾಡಿ. ಬೀಟ್ ಕಡೆ ಲಕ್ಷ್ಯ ಕೊಡಬೇಡಿ, ಅದು ತನ್ನ ಪಾಡಿಗೆ ನಡೆಯಲಿ. ಅದರ ಮೇಲೆ ಒಂದು ಸದ್ದು ಮೆಲ್ಲಗೆ ತೆರೆದುಕೊಳ್ಳುತ್ತದೆ, ಇನ್ನೊಂದು ಮರೆಯಾಗುತ್ತದೆ. ಅಲ್ಲಿ ಕೆಲಸ ಇದೆ. ಎ.ಜಿ. ಕುಕ್ ಅಂತ ಒಬ್ಬ ಇದರ ಮುಖ್ಯ ನಿರ್ಮಾಪಕರಲ್ಲಿ ಒಬ್ಬನಂತೆ. ಆ ಹುಡುಗನ ಕಿವಿ ಚೊಕ್ಕ ಇದೆ.

ಮೊದಲ ಹಾಡು '360', ಕೊನೆಯದು '365'. ಮೊದಲಿನ ಧಾಟಿಯೇ ಕೊನೆಗೆ ವೇಷ ಬದಲಿಸಿಕೊಂಡು, ಜೋರಾಗಿ ತಿರುಗಿ ಬರುತ್ತದೆ. ಅದನ್ನು ನಾನೇ ಹಿಡಿದೆ, ಮೊಮ್ಮಗ ಹೇಳಿದ್ದಲ್ಲ.

ಬಾಗಲಕೋಟೆಯಿಂದ:

ಮಾಸ್ತರು ಹೇಳಿದ ಸಮ್ ನನಗೆ ತಿಳಿಯುವುದಿಲ್ಲ. ಹೋಳಿಯಲ್ಲಿ ಹಲಗಿ ಬಾರಿಸುವವನು ನಾನು. ಹಲಗಿ ಕೇಳಿ "ಇದರ ಅರ್ಥ ಏನು" ಅಂತ ನಮ್ಮೂರಲ್ಲಿ ಯಾರೂ ಕೇಳಿಲ್ಲ. ಕೂತು ಕೇಳುವವರಿಗೆ ತಲೆನೋವು, ನಡುವೆ ನಿಂತವರಿಗೆ ಕಾಲು ತಾನೇ ಏಳುತ್ತದೆ. ಊಟ ಆದ ಮೇಲೆ ಕೂತು ಕೇಳಿದ್ದೇ ತಪ್ಪಾಯಿತು ಅಕ್ಕಾ. ಕೈಗೆ ಏನಾದರೂ ಕೆಲಸ ಕೊಟ್ಟು ಕೇಳಿ.

ನಾನು ಬಾಗಲಕೋಟೆಯಿಂದ ವಿಜಯಪುರದ ರೈಲಿನಲ್ಲಿ ಕೇಳಿದೆ. ಹಳಿಯ ಸದ್ದೂ ಅದರೊಳಗೆ ಸೇರಿಕೊಂಡಿತು. ಆಲಮಟ್ಟಿ ಹತ್ತಿರ ಬಂದಾಗ ಇನ್ನೂ ಮೂರು ಹಾಡು ಬಾಕಿ ಇದ್ದವು. ಸೇತುವೆ ಮೇಲೆ ಹಿನ್ನೀರು ನೋಡುತ್ತಾ ಹದಿನಾಲ್ಕನೆಯದು ಕೇಳಿದೆ. ಮಗು ಬೇಕೋ ಬೇಡವೋ, ಹೊತ್ತು ಮೀರುತ್ತಿದೆಯೋ ಅಂತ ಒಬ್ಬಳೇ ಯೋಚಿಸುವ ಹಾಡು ಅಂತ ಆಮೇಲೆ ತಿಳಿಯಿತು. ಮೊದಲು ಕೇಳಿದಾಗ ಗೊತ್ತಿರಲಿಲ್ಲ, ಆದರೂ ಸುಮ್ಮನಾಗಿದ್ದೆ.

ಜಮಖಂಡಿಯಿಂದ, ಶಿಕ್ಷಕಿ:

ಹತ್ತನೆಯ ಹಾಡಿನ ಕತೆ ಯಾರೂ ಹೇಳಲಿಲ್ಲವಲ್ಲ! ನನಗೆ ಎಲ್ಲಕ್ಕಿಂತ ಮಜಾ ಕೊಟ್ಟದ್ದು ಅದೇ. 'ಗರ್ಲ್, ಸೋ ಕನ್‌ಫ್ಯೂಸಿಂಗ್' ಅಂತ. ಇನ್ನೊಬ್ಬ ಗಾಯಕಿಯ ಬಗ್ಗೆ. ಜನ ಇಬ್ಬರನ್ನೂ ಹೋಲಿಸುತ್ತಾರೆ, ನಾವು ಗೆಳತಿಯರೋ ಅಲ್ಲವೋ ತಿಳಿಯುತ್ತಿಲ್ಲ, ಅವಳಿಗೆ ನಾನು ಬಿದ್ದರೆ ಖುಷಿಯೇನೋ ಅಂತ ಹಾಡಿಬಿಟ್ಟಳು. ಹೆಸರು ಹೇಳಲಿಲ್ಲ. ಎರಡು ವಾರ ಆಯಿತು. ಜೂನ್ 21ಕ್ಕೆ ಅದೇ ಹಾಡಿನ ಹೊಸ ರೂಪ ಬಂತು. ಅದರಲ್ಲಿ ಆ ಇನ್ನೊಬ್ಬಳೇ ಬಂದು ಉತ್ತರ ಹಾಡಿದ್ದಾಳೆ! ನ್ಯೂಜಿಲೆಂಡಿನ ಲಾರ್ಡ್ ಅನ್ನುವವಳು. ನೀನು ಕರೆದಾಗೆಲ್ಲ ನಾನು ತಪ್ಪಿಸಿಕೊಂಡದ್ದು ಸೊಕ್ಕಿನಿಂದ ಅಲ್ಲ, ನನ್ನ ಮೈಯ ಮೇಲೆ ನನಗೇ ಬೇಸರ ಇತ್ತು, ಫೋಟೋಕ್ಕೆ ನಿಲ್ಲಲು ಅಂಜುತ್ತಿದ್ದೆ ಅನ್ನುವ ಅರ್ಥದಲ್ಲಿ.

ಹರದೇಶಿ-ನಾಗೇಶಿ ಕೇಳಿ ಬೆಳೆದವರು ನಾವು. ಒಬ್ಬರು ಪದದಲ್ಲಿ ಸವಾಲು ಹಾಕುವುದು, ಇನ್ನೊಬ್ಬರು ಅದೇ ಧಾಟಿಯಲ್ಲಿ ಉತ್ತರ ಕೊಡುವುದು, ಬೆಳಗಿನ ತನಕ. ಅಲ್ಲಿ ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಅಂತ ಜಗಳ. ಇಲ್ಲಿ ಇಬ್ಬರೂ ಹೆಂಗಸರು, ಜಗಳ ಅರ್ಧಕ್ಕೆ ನಿಂತು ರಾಜಿ ಆಗುತ್ತದೆ. ನಮ್ಮ ಗೀಗೀ ಮೇಳದಲ್ಲಿ ಹೀಗಾದರೆ ಜನ ಎದ್ದು ಹೋಗುತ್ತಿದ್ದರು. ಎರಡೂ ರೂಪ ಒಂದರ ಹಿಂದೆ ಒಂದು ಕೇಳಿ. ಸಾಹಿತ್ಯವನ್ನು ಫೋನಿನಲ್ಲೇ ಓದಬಹುದು. ಮೊದಲು ಓದಿ, ಆಮೇಲೆ ಕೇಳಿ.

ಬೆಳಗಾವಿಯಿಂದ, ಇಂಜಿನಿಯರಿಂಗ್ ವಿದ್ಯಾರ್ಥಿನಿ:

ಮರೆತಿದ್ದೆ. ಕಾಕು, ಈ ಆಲ್ಬಮ್ ಮೊದಲು ಎರಡು ರೂಪದಲ್ಲಿ ಬಂತು. ಒಂದರಲ್ಲಿ 15 ಹಾಡು, 41 ನಿಮಿಷ. ಇನ್ನೊಂದರಲ್ಲಿ 18. 15ರದ್ದೇ ಕೇಳಿ. ಇನ್ನೊಂದು ಮಾತು, ಹನ್ನೊಂದನೆಯ 'ಆ್ಯಪಲ್' ಹಾಡನ್ನು 2024ರಲ್ಲಿ ಇನ್‌ಸ್ಟಾದಲ್ಲಿ ಎಲ್ಲರೂ ಕುಣಿದರು. ಆದರೆ ಅದು ಅಪ್ಪ-ಅಮ್ಮನ ಬಗ್ಗೆ. ಗಿಡದಿಂದ ಹಣ್ಣು ದೂರ ಬೀಳುವುದಿಲ್ಲ ಅಂತಾರಲ್ಲ, ಹಾಗಾದರೆ ಹಣ್ಣಿನೊಳಗಿನ ಹುಳುಕು ಎಲ್ಲಿಂದ ಬಂತು ಅಂತ ಕೇಳುವ ಹಾಡು. ಇದನ್ನು ಮೊದಲೇ ಹೇಳಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ಜಮಖಂಡಿಯಿಂದ, ಶಿಕ್ಷಕಿ:

ಹೇಳಿದ್ದು ಒಳ್ಳೆಯದಾಯಿತು. ಅಕ್ಕಾ, ಗಾಬರಿ ಬೇಡ. ಈ ಚಾರ್ಲಿಯ ತಾಯಿ ಉಗಾಂಡಾದಲ್ಲಿದ್ದ ಗುಜರಾತಿ ಕುಟುಂಬದವರು, ಅಪ್ಪ ಸ್ಕಾಟ್ಲೆಂಡಿನವರು. ಹುಡುಗಿ ಹದಿನೈದರ ಆಸುಪಾಸಿನಲ್ಲೇ ಲಂಡನ್ನಿನ ಹಳೆಯ ಗೋದಾಮುಗಳಲ್ಲಿ ರಾತ್ರಿ ನಡೆಯುವ ಕುಣಿತದ ಕೂಟಗಳಲ್ಲಿ ಹಾಡುತ್ತಿದ್ದಳು. ಆಗ ಜೊತೆಗೆ ಹೋಗುತ್ತಿದ್ದದ್ದು ಯಾರು ಗೊತ್ತೇ? ಅಪ್ಪ-ಅಮ್ಮ.

ವಿಜಯಪುರದಿಂದ, ಬ್ಲೌಸ್ ಹೊಲಿಯುವವಳು:

ಕೇಳಿದೆ. ಎಲ್ಲರ ಮಾತನ್ನೂ ಒಂದೊಂದು ಪಾಲಿಸಿದೆ. ಇಯರ್‌ಫೋನಿಗೆ ಸಣ್ಣ ಬುಡ್ಡಿ ಹಾಕಿದೆ. ಬಾಗಿಲು ಅರ್ಧ ಎಳೆದು ಸೀರೆಗೆ ಫಾಲ್ ಹಚ್ಚುತ್ತಾ ಕೂತೆ. ಆಲ್ಬಮ್ ಮುಗಿಯುವುದಕ್ಕೂ ಫಾಲ್ ಮುಗಿಯುವುದಕ್ಕೂ ಸರಿಹೋಯಿತು. ಧಮ್ ಧಮ್ ಈಗ ಎದೆಯ ಹತ್ತಿರ ಬಂತು, ತಗಡಿನ ಸದ್ದು ಹೋಯಿತು. ಸೌಂಡಿನ ಅಣ್ಣ ಹೇಳಿದ ಉಸಿರಾಟ ಐದನೇ ಹಾಡಿಗೆ ಸಿಕ್ಕಿತು. 'ವಾನ್ ಡಚ್' ಮಾತ್ರ ನನಗಾಗುವುದಿಲ್ಲ, ಅದನ್ನು ಎಮ್ಮೆಗೇ ಬಿಟ್ಟೆ. ಮಾಸ್ತರು ಹೇಳಿದ ಕೊನೆಯ ಹಾಡಿನ ವೇಷ ನನಗೂ ಗೊತ್ತಾಯಿತು, ಹೊಲಿಗೆ ಹಾಕುತ್ತಿದ್ದವಳು ನಕ್ಕುಬಿಟ್ಟೆ.

ಶನಿವಾರ ಮಗಳು ಫೋನ್ ಮಾಡಿದಳು. ಯಾವುದು ಹಿಡಿಸಿತು ಅಂದಳು. ಗೆಳತಿ ಸತ್ತ ಹಾಡು ಅಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಆ ಹಣ್ಣಿನ ಹಾಡು ನನಗಂತಲೇ ಕಳಿಸಿದ್ದಾ?" ಅಂತ ನಾನೇ ಕೇಳಿದೆ. "ಅದು ಅಪ್ಪನಿಗೆ ಅವ್ವಾ, ನಿನಗೆ ಹತ್ತನೆಯದು" ಅಂದಳು. ನಾನೂ ನನ್ನ ತಂಗಿಯೂ ಮಾತು ಬಿಟ್ಟು ಎಂಟು ವರ್ಷ ಆಗಿದೆ. ಅವಳು ಇರುವುದು ಇದೇ ಊರಲ್ಲಿ, ಮೂರು ಓಣಿ ಆಚೆ.

ಇಬ್ಬರೂ ಸೇರಿ ಹಾಡಿದ ಆ ಎರಡನೇ ರೂಪವನ್ನು ಬೇರೆಯವರ ಫೋನಿಗೆ ಕಳಿಸುವುದು ಹೇಗೆ, ಯಾರಾದರೂ ಹೇಳಿ. ತಂಗಿಯ ಹತ್ತಿರ ಹಳೆಯ ಫೋನ್ ಇದೆ.