ಪದಚರ್ಚೆ: ಥಾಯ್ ಮನೆಪುಸ್ತಕಕ್ಕೆ ಕನ್ನಡದಲ್ಲಿ ಏನೆನ್ನುವುದು? (ನಾಳೆ ಬೆಳಿಗ್ಗೆಯೊಳಗೆ ಬೇಕು)

ಎಲ್ಲರಿಗೂ ನಮಸ್ಕಾರ.

ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಒಂದು ಅನುವಾದ ಕೊಡಬೇಕು. ಐದು ಪದಗಳಲ್ಲಿ ಗಾಡಿ ನಿಂತಿದೆ. ಹುಬ್ಬಳ್ಳಿಯ ಹಿರಿಯರೊಬ್ಬರ ಮಗ ಥಾಯ್ ಯುವತಿಯನ್ನು ಮದುವೆಯಾಗಿ ಚಿಯಾಂಗ್ ಮಾಯ್ ಹತ್ತಿರ ಜಾಗ ಕೊಂಡು ಮನೆ ಕಟ್ಟಿಸುತ್ತಿದ್ದಾನೆ. ಹಣದಲ್ಲಿ ಒಂದು ಪಾಲು ತಂದೆಯದು. ಅಲ್ಲಿನ ವಕೀಲರು ಇಂಗ್ಲಿಷಿನಲ್ಲಿ ಬರೆದುಕೊಟ್ಟ ನಾಲ್ಕು ಪುಟದ ವಿವರಣೆ ತಂದೆಗಾಗಿ ಕನ್ನಡವಾಗಬೇಕು. ಅವರಿಗೆ ಇಂಗ್ಲಿಷ್ ಬಾರದು, ಆದರೆ ಉತಾರ, ಕ್ರಯಪತ್ರಗಳನ್ನು ಅರೆದು ಕುಡಿದವರು. ಒಂದು ಪದ ಅತ್ತಿತ್ತಾದರೂ ಹಿಡಿದು ನಿಲ್ಲಿಸುತ್ತಾರೆ. ಫೋನಿನಲ್ಲಿ ಅವರು ಕೇಳಿದ್ದು ಒಂದೇ ಮಾತು: "ನನ್ನ ಮಗನ ಹೆಸರು ಯಾವ ಕಾಗದದಲ್ಲಿ ಅದೆ, ಅಷ್ಟು ಹೇಳಿರಿ."

ತಬಿಯನ್ ಬಾನ್, ಅಂದರೆ ಮನೆಯಲ್ಲಿ ವಾಸವಿರುವವರ ಹೆಸರಿರುವ ಪುಸ್ತಕ, ಅದಕ್ಕೆ ಸದ್ಯಕ್ಕೆ "ಗೃಹ ನೋಂದಣಿ ಪುಸ್ತಕ" ಎಂದು ಹಾಕಿದ್ದೇನೆ. ಅದರಲ್ಲಿ ಮೊದಲು ಬರುವ ಜಾವ್ ಬಾನ್‌ಗೆ "ಮನೆಯ ಯಜಮಾನ". ಜಮೀನಿನ ಕಾಗದವಾದ ಛನೋತ್‌ಗೆ "ಹಕ್ಕುಪತ್ರ". ಸಿತ್ಥಿ ಕೆಪ್ ಕಿನ್ ಎಂಬುದಕ್ಕೆ ಇಂಗ್ಲಿಷ್ ಪ್ರತಿಯಲ್ಲಿ ಯೂಸುಫ್ರಕ್ಟ್ (ಬೇರೆಯವರ ಆಸ್ತಿಯನ್ನು ಬಳಸಿ ಅದರ ಫಲ ಅನುಭವಿಸುವ ಹಕ್ಕು) ಎಂದಿದೆ, ನಾನು "ಭೋಗ್ಯ" ಎಂದಿದ್ದೇನೆ. ಸಿನ್ ಸುವನ್ ತುವಾ, ಅಂದರೆ ದಂಪತಿಯಲ್ಲಿ ಒಬ್ಬರಿಗೇ ಸೇರಿದ ಆಸ್ತಿ, ಅದಕ್ಕೆ "ಸ್ವಯಾರ್ಜಿತ ಆಸ್ತಿ". ಐದೂ ಸರಿ ಎನಿಸುತ್ತಿಲ್ಲ. ದಯವಿಟ್ಟು ಪದ ಕೊಡಿ, ವಾದ ಆಮೇಲೆ.

— ಅನುವಾದಕಿ, ಧಾರವಾಡ

*

ಗೃಹವೂ ಬೇಡ, ನೋಂದಣಿಯೂ ಬೇಡ. ಮೊದಲನೆಯದು ಸಂಸ್ಕೃತ, ಎರಡನೆಯದು ಮರಾಠಿ. ಕಚೇರಿಯ ಕನ್ನಡವೆಂದರೆ ಪೇಶ್ವೆಯವರೂ ನವಾಬರೂ ಬಿಟ್ಟುಹೋದ ಹಳೆಯ ಅಂಗಿಗಳ ಗಂಟು.

ಮನೆಯಲ್ಲಿ ಯಾರು ಬಾಳುತ್ತಿದ್ದಾರೆ ಎಂಬ ಪಟ್ಟಿ ತಾನೇ ಅದು? "ಒಕ್ಕಲುಪಟ್ಟಿ" ಎನ್ನಿ. ಒಕ್ಕಣೆ ಮಾಡುವವನು ಒಕ್ಕಲಿಗ, ಅದರಿಂದ ಒಕ್ಕಲು ಎಂದು ಕೆಲವರು ಹೇಳುತ್ತಾ ತಿರುಗುತ್ತಾರೆ, ನಾನು ಒಪ್ಪುವುದಿಲ್ಲ. ಒಕ್ಕಲು ಎಂದರೆ ನೆಲೆ, ಮನೆತನ. ಕರಾವಳಿಯಲ್ಲಿ ಗೃಹಪ್ರವೇಶಕ್ಕೆ ಇಂದಿಗೂ ಮನೆಒಕ್ಕಲು ಎನ್ನುತ್ತಾರೆ. ಇದ್ದವರನ್ನು ಹೊರಹಾಕಿದರೆ ಒಕ್ಕಲೆಬ್ಬಿಸಿದರು ಎನ್ನುತ್ತೇವೆ. ಇದಕ್ಕಿಂತ ಪುರಾವೆ ಬೇಕೇ?

ಕೆಪ್ ಎಂದರೆ ಆಯ್ದು ಕೂಡಿಸು, ಕಿನ್ ಎಂದರೆ ಉಣ್ಣು ಎಂದು ಓದಿದ್ದೇನೆ. ಅಂದ ಮೇಲೆ "ಉಂಬಳಿ" ಕಣ್ಣೆದುರಿಗೇ ಇದೆ. ಉಣ್ಣಲು ಬಿಟ್ಟ ನೆಲವೇ ಉಂಬಳಿ.

ಇನ್ನೊಂದು. ಥ ಎಂದು ಬರೆದು ಗಂಟಲು ನೋಯಿಸಿಕೊಳ್ಳಬೇಡಿ, ಕನ್ನಡಿಗರ ಬಾಯಲ್ಲಿ ಮಹಾಪ್ರಾಣ ನಿಲ್ಲುವುದಿಲ್ಲ. ತಾಯ್ ಎಂದು ಬರೆದರೆ ಸಾಕು.

— ಸಾಗರ

*

ಸಾಗರದವರು "ತಾಯ್ ಹೆಂಡತಿ" ಎಂದು ಬರೆದ ಕಾಗದವನ್ನು ತಾವೇ ಹೋಗಿ ಹುಬ್ಬಳ್ಳಿಯ ಹಿರಿಯರ ಕೈಗೆ ಕೊಟ್ಟು ಬರಲಿ. ಆಮೇಲೆ ತಾಯ್ಲೆಂಡ್ ಎಂದರೆ ತಾಯ್ನಾಡು ಎಂದೂ ಬಿಡಿಸಿ ಹೇಳಲಿ.

ಮೇಡಂ, ನಾನು ಉಪನೋಂದಣಾಧಿಕಾರಿಯಾಗಿ ನಿವೃತ್ತನಾದವನು. ಕ್ರಮವಾಗಿ ಹೇಳುವ ತಾಳ್ಮೆ ಇಲ್ಲ, ಅಪಾಯಕಾರಿಯಾದದ್ದನ್ನು ಮೊದಲು ಹೇಳುತ್ತೇನೆ. "ಭೋಗ್ಯ" ತೆಗೆಯಿರಿ, ಈಗಲೇ. ನಮ್ಮ ಜನಕ್ಕೆ ಭೋಗ್ಯವೆಂದರೆ ಇಡಿಗಂಟು ಕೊಟ್ಟು ಮನೆಯಲ್ಲಿ ಕೂತು, ಅವಧಿ ಮುಗಿದಾಗ ಗಂಟನ್ನು ವಾಪಸು ಪಡೆಯುವುದು. ಆ ತಂದೆ ತಾನು ಕಳುಹಿಸಿದ ಹಣ ಒಂದು ದಿನ ತಿರುಗಿ ಬರುತ್ತದೆ ಎಂದೇ ಓದಿಕೊಳ್ಳುತ್ತಾರೆ.

"ಉಂಬಳಿ" ಅದಕ್ಕಿಂತ ಕೆಟ್ಟದ್ದು. ಉಂಬಳಿ ಎಂದರೆ ಚಾಕರಿಗೆ ಕೊಟ್ಟ ಮಾನ್ಯ, ತಲೆಮಾರಿನಿಂದ ತಲೆಮಾರಿಗೆ ಬಂದದ್ದು. ಹಳೆಯ ಮೈಸೂರಿನಲ್ಲಿ ಇನಾಂ ರದ್ದತಿಯ ಕಾಯಿದೆ ಬಂದದ್ದು 1954ರಲ್ಲಿ. ತಮಾಷೆಯೆಂದರೆ ಥಾಯ್ಲೆಂಡಿನ ಈಗಿನ ಭೂಸಂಹಿತೆಯೂ ಅದೇ ವರ್ಷದ್ದು. ಆ ಕಡೆಯ ಸಿವಿಲ್ ಸಂಹಿತೆಯ 1417ನೇ ಕಲಮಿನಿಂದ ಮುಂದಕ್ಕೆ ಓದಿ ನೋಡಿ: ಈ ಹಕ್ಕು ಮೂವತ್ತು ವರ್ಷದವರೆಗೆ ಇಲ್ಲವೇ ಪಡೆದವನ ಜೀವ ಇರುವವರೆಗೆ. ಅವನು ಸತ್ತರೆ ಹಕ್ಕೂ ಸತ್ತಿತು, ಮಕ್ಕಳಿಗೆ ಬರುವುದಿಲ್ಲ. ಉಂಬಳಿ ಎಂದು ಬರೆದು ಮೊಮ್ಮಕ್ಕಳಿಗೆ ಆಸೆ ಹುಟ್ಟಿಸಬೇಡಿ. ನಮ್ಮಲ್ಲಿ ತಂದೆ ಮಗನಿಗೆ ದಾನಪತ್ರ ಬರೆದುಕೊಡುವಾಗ "ನನ್ನ ಜೀವಿತಾವಧಿಯವರೆಗೆ ಅನುಭವಿಸುವ ಹಕ್ಕನ್ನು ಉಳಿಸಿಕೊಂಡಿದ್ದೇನೆ" ಎಂದು ಬರೆಸುವುದುಂಟು. ಅದೇ ಇದು. "ಜೀವಿತಾವಧಿ ಅನುಭೋಗದ ಹಕ್ಕು" ಎಂದು ಹಾಕಿ.

ಒಕ್ಕಲುಪಟ್ಟಿ ಕೇಳಲು ಇಂಪಾಗಿದೆ. ಆದರೆ ನಮ್ಮ ಕಡತಗಳಲ್ಲಿ ಒಕ್ಕಲು ಎಂದರೆ ಗೇಣಿದಾರ. 1974ರ ಭೂಸುಧಾರಣೆಯಲ್ಲಿ ಒಕ್ಕಲಾಗಿದ್ದವನು ಒಡೆಯನಾದ. ಅದನ್ನು ಕಣ್ಣಾರೆ ಕಂಡ ವಯಸ್ಸಿನವರು ಆ ಹಿರಿಯರು. "ಮಗ ಒಕ್ಕಲುಪಟ್ಟಿಯಲ್ಲಿದ್ದಾನೆ, ಇಂದಲ್ಲ ನಾಳೆ ಜಾಗ ಅವನದೇ" ಎಂದುಕೊಂಡರೆ ಯಾರು ಹೊಣೆ?

— ನಿವೃತ್ತ ಅಧಿಕಾರಿ, ತುಮಕೂರು

*

ಚಿಯಾಂಗ್ ಮಾಯ್ ಎಂದು ಕಂಡದ್ದರಿಂದ ಬರೆಯುತ್ತಿದ್ದೇನೆ. ನಾನಿರುವುದು ಇಲ್ಲೇ, ಹೆಂಡತಿ ಇಲ್ಲಿಯವಳು. ಎರಡೂ ಪುಸ್ತಕ ಮೇಜಿನ ಮೇಲಿವೆ.

ತಬಿಯನ್ ಬಾನ್ ಎರಡು ಬಣ್ಣದಲ್ಲಿ ಬರುತ್ತದೆ. ನೀಲಿ ರಟ್ಟಿನದು ಥಾಯ್ ಪ್ರಜೆಗಳಿಗೆ ಮತ್ತು ಕಾಯಂ ವಾಸದ ಪರವಾನಗಿ ಪಡೆದವರಿಗೆ. ಹಳದಿಯದು ನಮ್ಮಂಥ ಉಳಿದ ವಿದೇಶಿಯರಿಗೆ. ಕೊಡುವುದು ಭೂ ಕಚೇರಿಯಲ್ಲ, ಅಂಫೋ, ಅಂದರೆ ನಮ್ಮ ತಾಲ್ಲೂಕು ಕಚೇರಿಯಂಥದ್ದು, ಬ್ಯಾಂಕಾಕಿನಲ್ಲಾದರೆ ಖೇತ್. ಒಳಗೆ ಹನ್ನೊಂದು ಅಂಕಿಯ ಮನೆ ಸಂಖ್ಯೆ, ವಿಳಾಸ, ಆಮೇಲೆ ಒಬ್ಬೊಬ್ಬರಿಗೆ ಒಂದೊಂದು ಪುಟ. ಹಳದಿ ಪುಸ್ತಕಕ್ಕಾಗಿ ಪಾಸ್‌ಪೋರ್ಟನ್ನು ಥಾಯ್ ಭಾಷೆಗೆ ಅನುವಾದಿಸಿ ಮೊಹರು ಹಾಕಿಸಬೇಕು, ಸಾಕ್ಷಿಗಳನ್ನು ಕರೆದೊಯ್ಯಬೇಕು, ಜಾವ್ ಬಾನ್ ಖುದ್ದಾಗಿ ಬಂದು ಒಪ್ಪಬೇಕು. ಅದು ಸಿಕ್ಕರೆ ಗುಲಾಬಿ ಬಣ್ಣದ ಗುರುತಿನ ಚೀಟಿಯೂ ಸಿಗುತ್ತದೆ. ವಾಹನ ಪರವಾನಗಿಗೆ, ಬ್ಯಾಂಕಿಗೆ ವಿಳಾಸದ ಪುರಾವೆಯಾಗಿ ಚೆನ್ನಾಗಿ ನಡೆಯುತ್ತದೆ. ಮಾಲೀಕತ್ವಕ್ಕೆ ಕಾಸಿನ ಬೆಲೆ ಇಲ್ಲ. ನೀಲಿ ಪುಸ್ತಕಕ್ಕೂ ಅಷ್ಟೇ. ಅದರಲ್ಲಿ ಹೆಸರಿದ್ದ ಮಾತ್ರಕ್ಕೆ ಥಾಯ್ ಪ್ರಜೆಗೂ ಒಂದಿಂಚು ಜಾಗ ಬರುವುದಿಲ್ಲ.

ಆದ್ದರಿಂದ ಜಾವ್ ಬಾನ್‌ಗೆ "ಯಜಮಾನ" ಎಂದು ಹಾಕಬೇಡಿ ಅಕ್ಕ. ಮನೆಯ ಪುಸ್ತಕವನ್ನು ನೋಡಿಕೊಳ್ಳುವ, ಯಾರು ಬಂದರು ಯಾರು ಹೋದರು ಎಂದು ಅಂಫೋಗೆ ತಿಳಿಸುವ ಹೊಣೆ ಹೊತ್ತ ವ್ಯಕ್ತಿ ಅಷ್ಟೇ. ನಮ್ಮ ಮನೆಯಲ್ಲಿ ನನ್ನ ಅತ್ತೆ ಜಾವ್ ಬಾನ್, ಜಾಗ ಹೆಂಡತಿಯದು. ನಮ್ಮೂರಿನಲ್ಲಿ "ಯಜಮಾನರು" ಎಂದರೆ ಗಂಡ ಎಂದೂ ಅರ್ಥ, ಒಡೆಯ ಎಂದೂ ಅರ್ಥ. ಆ ಹಿರಿಯರು ಎರಡನ್ನೂ ಕೂಡಿಸಿ ಮಗನನ್ನು ಅಲ್ಲಿ ಕೂರಿಸುತ್ತಾರೆ.

ಛನೋತ್ ಪೂರ್ತಿ ಬೇರೆ. ಅದನ್ನು ಕೊಡುವುದು ಭೂ ಇಲಾಖೆ. ನೆತ್ತಿಯ ಮೇಲೆ ಕೆಂಪು ಗರುಡ. ಗರುಡ ಹಸಿರಾಗಿದ್ದರೆ ಒಂದು ಮೆಟ್ಟಿಲು ಕೆಳಗಿನ ಕಾಗದ, ಕಪ್ಪಾಗಿದ್ದರೆ ಇನ್ನೂ ಕೆಳಗೆ. ಜಾಗ ನೋಡಲು ಹೋದಾಗ ಜನ ಮೊದಲು ಕೇಳುವುದೇ ಗರುಡನ ಬಣ್ಣ. ಮುಂಪುಟದಲ್ಲಿ ಜಾಗದ ನಕ್ಷೆ, ಮೂಲೆ ಮೂಲೆಗೆ ನೆಟ್ಟ ಗಡಿಗೂಟಗಳ ಸಂಖ್ಯೆ, ವಿಸ್ತೀರ್ಣ ರಾಯ್, ಙಾನ್, ವಾ ಲೆಕ್ಕದಲ್ಲಿ. ಒಂದು ರಾಯ್ ಎಂದರೆ 1,600 ಚದರ ಮೀಟರ್. ಹಿಂಪುಟದಲ್ಲಿ ಕೋಷ್ಟಕ: ಯಾರು ಯಾರಿಗೆ ಮಾರಿದರು, ಯಾರಿಗೆ ಅಡಮಾನ, ಯಾರಿಗೆ ಸಿತ್ಥಿ ಕೆಪ್ ಕಿನ್, ಒಂದೊಂದು ಸಾಲಿಗೂ ಅಧಿಕಾರಿಯ ಸಹಿ ಮತ್ತು ಮೊಹರು. ಒಂದು ಪ್ರತಿ ಕಚೇರಿಯಲ್ಲಿ, ಒಂದು ಮಾಲೀಕರ ಬಳಿ.

ಹಾಗಾಗಿ ತಂದೆಯ ಪ್ರಶ್ನೆಗೆ ನೇರ ಉತ್ತರ ಹೀಗಿದೆ. ಮುಂಪುಟದಲ್ಲಿ ಮಗನ ಹೆಸರು ಇರುವುದಿಲ್ಲ; ವಿದೇಶಿಯರ ಹೆಸರಿಗೆ ಇಲ್ಲಿ ಸಾಮಾನ್ಯವಾಗಿ ಜಮೀನು ಆಗುವುದಿಲ್ಲ. ಸಿತ್ಥಿ ಕೆಪ್ ಕಿನ್ ನೋಂದಾಯಿಸಿದ್ದರೆ ಅವನ ಹೆಸರು ಛನೋತಿನ ಬೆನ್ನ ಮೇಲೆ ಇರುತ್ತದೆ. ಹಳದಿ ಪುಸ್ತಕ ಮಾಡಿಸಿಕೊಂಡಿದ್ದರೆ ಅಲ್ಲೂ ಇರುತ್ತದೆ, ಆದರೆ ಅದು ಬರೀ ವಿಳಾಸ.

ಕಹಿಯಾದದ್ದನ್ನೂ ಬರೆಯಿರಿ. ಮೊದಲು ವಿದೇಶಿಯನನ್ನು ಮದುವೆಯಾದ ಥಾಯ್ ಹೆಂಗಸಿಗೆ ತನ್ನ ಹೆಸರಿಗೆ ಜಮೀನು ಮಾಡಿಸಿಕೊಳ್ಳುವುದೇ ಕಷ್ಟವಿತ್ತು. 1999ರಲ್ಲಿ ಗೃಹ ಸಚಿವಾಲಯ ದಾರಿ ಬಿಟ್ಟಿತು, ಒಂದು ಷರತ್ತಿನ ಮೇಲೆ: ಗಂಡ ಹೆಂಡತಿ ಇಬ್ಬರೂ ಸೇರಿ ಈ ಹಣ ಪೂರ್ತಿ ಹೆಂಡತಿಯ ಸಿನ್ ಸುವನ್ ತುವಾ, ದಾಂಪತ್ಯದ ಆಸ್ತಿಯಲ್ಲ ಎಂದು ಸಹಿ ಹಾಕಬೇಕು. ಹುಬ್ಬಳ್ಳಿಯಿಂದ ಬಂದ ಹಣವೂ ಆ ಸಹಿಯ ಕೆಳಗೆ ಹೋಗುತ್ತದೆ. ಅದನ್ನು "ಸ್ವಯಾರ್ಜಿತ" ಎಂದರೆ ತಪ್ಪು: ಹೆಂಡತಿಗೆ ತವರಿನಿಂದ ಬಂದದ್ದೂ, ಮದುವೆಗೆ ಮುಂಚೆ ಇದ್ದದ್ದೂ ಅದರಲ್ಲಿ ಸೇರುತ್ತವೆ.

— ಚಿಯಾಂಗ್ ಮಾಯ್‌ನಿಂದ

*

"ಸ್ತ್ರೀಧನ" ಎನ್ನಬಹುದಲ್ಲ? ಸಿದ್ಧವಾದ ಶಾಸ್ತ್ರೀಯ ಪದ ಇರುವಾಗ ಹುಡುಕಾಟ ಏಕೆ?

ಥಾಯ್ ಕಾನೂನಿನ ಭಾಷೆ ಅಡಿಯಿಂದ ಮುಡಿಯವರೆಗೆ ಸಂಸ್ಕೃತ ಎಂಬುದನ್ನು ಯಾರೂ ಗಮನಿಸಿದಂತಿಲ್ಲ. ಸಿತ್ಥಿ ಎಂದರೆ ನಮ್ಮ ಸಿದ್ಧಿ. ಒಡೆತನಕ್ಕೆ ಅವರು ಬರೆಯುವುದು ಕರ್ಮಸಿದ್ಧಿ, ಉಚ್ಚರಿಸುವುದು ಕಮ್ಮಸಿತ್. ದಾಂಪತ್ಯದ ಆಸ್ತಿ ಸಿನ್ ಸೊಮ್‌ರೊತ್. ಆ ಸೊಮ್‌ರೊತ್ ಬರಹದಲ್ಲಿ ಸಮರಸ! ಮದುವೆಗೆ ಸಮರಸ ಎಂದು ಹೆಸರಿಟ್ಟ ಜನ ಅವರು. ನಾವು ಸಿದ್ಧಿಯನ್ನು ಯೋಗಿಗಳಿಗೆ ಬಿಟ್ಟುಕೊಟ್ಟು ಒಕ್ಕಲು, ಉಂಬಳಿ ಎಂದು ಹೊಲದಲ್ಲಿ ಅಲೆಯುತ್ತಿದ್ದೇವೆ. "ವಾಸಸಿದ್ಧಿಪತ್ರ", "ಭೋಗಸಿದ್ಧಿ" ಎಂದು ಹಾಕಿ, ಎರಡೂ ಭಾಷೆಗೆ ಒಂದೇ ಬೇರು.

— ಮೈಸೂರು

*

ವಾಸಸಿದ್ಧಿಪತ್ರವನ್ನು ಓದಿ ಆ ಹಿರಿಯರು ಮಗ ಸನ್ಯಾಸ ತೆಗೆದುಕೊಂಡ ಎಂದು ಅಳುತ್ತಾರೆ. ಮೈಸೂರಿನವರಿಗೆ ಕನ್ನಡದ ನೆಲ ಕಾಲಿಗೆ ಚುಚ್ಚುತ್ತದೆ, ಗೊತ್ತಿರುವ ಸಂಗತಿಯೇ. ಸಿದ್ಧಿ, ನೋಂದಣಿ, ದಸ್ತಾವೇಜು, ಇವೆಲ್ಲ ಎಷ್ಟು ದಿನ? "ಹಕ್ಕು" ಎಂಬ ಎರಡಕ್ಷರದ ಅಚ್ಚಗನ್ನಡ ಪದ ಇರುವಾಗ!

— ಸಾಗರ

*

ಹಕ್ಕು ಅರಬಿ. ಹಕ್.

— ಚಿಯಾಂಗ್ ಮಾಯ್‌ನಿಂದ

*

ಬಂದ ದಾರಿ ಯಾವುದಾದರೂ ಇರಲಿ, ಉಕಾರ ಸೇರಿ ಒತ್ತಕ್ಷರದಲ್ಲಿ ಕೂತ ಮೇಲೆ ಅದು ಕನ್ನಡವೇ.

— ಸಾಗರ

*

ಹಾಗಾದರೆ ನೋಂದಣಿ ಏನು ತಪ್ಪು ಮಾಡಿತು ಸ್ವಾಮಿ? ಅದಕ್ಕೆ ಮಾತ್ರ ಏಕೆ ಗಡೀಪಾರು? ಸರ್ವೀಸಿನುದ್ದಕ್ಕೂ ನಾನು ನೋಂದಣಿ ಮಾಡಿದ್ದು ಕನ್ನಡದಲ್ಲೇ. ಪಹಣಿ, ಖಾತೆ, ಜಮೀನು, ತಕರಾರು: ಇವನ್ನೆಲ್ಲ ತೆಗೆದರೆ ನಮ್ಮ ರೈತ ಕಚೇರಿಯ ಮುಂದೆ ಮೂಕನಾಗಿ ನಿಲ್ಲುತ್ತಾನೆ. ಪದ ಎಲ್ಲಿಂದ ಬಂತು ಎಂದು ಕೇಳುವವನು ಪಂಡಿತ. ಪದ ಓದಿದವನು ಏನು ಅಂದುಕೊಳ್ಳುತ್ತಾನೆ ಎಂದು ಕೇಳುವವನು ಬರಹಗಾರ, ದಸ್ತಾವೇಜಿನ ಬರಹಗಾರ.

ಸ್ತ್ರೀಧನವೂ ಆಗದು. ಆ ಸಂಹಿತೆಯ 1471ನೇ ಕಲಮು ಗಂಡನಿಗೂ ಅನ್ವಯಿಸುತ್ತದೆ, ಅವನಿಗೂ ಸಿನ್ ಸುವನ್ ತುವಾ ಇರುತ್ತದೆ. "ಪ್ರತ್ಯೇಕ ಸ್ವಂತ ಆಸ್ತಿ" ಎನ್ನಿ.

ಹಕ್ಕುಪತ್ರದ ಬಗ್ಗೆ ಹೇಳುವುದು ಬಿಟ್ಟೇ ಹೋಗಿತ್ತು. ನಮ್ಮಲ್ಲಿ ಹಕ್ಕುಪತ್ರ ಎಂದರೆ ಸರ್ಕಾರ ಬಡವರಿಗೆ ನಿವೇಶನ ಹಂಚಿದಾಗ ವೇದಿಕೆಯ ಮೇಲೆ ಕೊಡುವ ಕಾಗದ. ಕ್ರಯಪತ್ರವೂ ಅಲ್ಲ: 1908ರ ನಮ್ಮ ನೋಂದಣಿ ಕಾಯಿದೆಯಲ್ಲಿ ನೋಂದಾಯಿಸುವುದು ವ್ಯವಹಾರವನ್ನು, ಒಡೆತನವನ್ನಲ್ಲ. ಮಾರಿದವನಿಗೆ ಮಾರುವ ಅಧಿಕಾರ ಇತ್ತೇ ಎಂದು ನಾವು ಭರವಸೆ ಕೊಡುವುದಿಲ್ಲ, ಅದಕ್ಕೇ ಕೋರ್ಟುಗಳು ತುಂಬಿವೆ. ಛನೋತ್ ಹಾಗಲ್ಲ, 1901ರಿಂದ, ಚುಲಾಲೊಂಗ್‌ಕೋರ್ನ್ ದೊರೆಯ ಕಾಲದಿಂದ, ಸರ್ಕಾರವೇ ಅಳೆದು ಇಂಥವರದು ಎಂದು ಬರೆದುಕೊಡುವ ಪತ್ರ ಅದು. "ಭೂಮಿಯ ಒಡೆತನದ ಪತ್ರ" ಎನ್ನಿ. ಒಡೆತನ ಅಚ್ಚಗನ್ನಡ, ಸಾಗರದವರಿಗೂ ಸಮಾಧಾನ.

— ತುಮಕೂರು

*

ರಾಯರೇ, 1469ನೇ ಕಲಮನ್ನೂ ಸೇರಿಸಬೇಕು. ಮದುವೆಯ ಅವಧಿಯಲ್ಲಿ ಗಂಡ ಹೆಂಡತಿ ತಮ್ಮೊಳಗೆ ಆಸ್ತಿಯ ಬಗ್ಗೆ ಮಾಡಿಕೊಂಡ ಒಪ್ಪಂದವನ್ನು ಇಬ್ಬರಲ್ಲಿ ಯಾರಾದರೂ, ದಾಂಪತ್ಯ ಇರುವಾಗ ಎಂದು ಬೇಕಾದರೂ, ಮುರಿದರೆ ಒಂದು ವರ್ಷದೊಳಗೂ ರದ್ದು ಮಾಡಬಹುದು. ಹೆಂಡತಿ ಗಂಡನಿಗೆ ಬರೆದುಕೊಟ್ಟ ಅನುಭೋಗಕ್ಕೂ ಆ ಕತ್ತಿ ತೂಗುತ್ತಿರುತ್ತದೆ. "ಹಕ್ಕು" ಎಂದು ಗಟ್ಟಿಯಾಗಿ ಬರೆದು ಪಕ್ಕದಲ್ಲಿ ಇದನ್ನು ಬರೆಯದಿದ್ದರೆ ತಂದೆ ಅದನ್ನು ಕಲ್ಲಿನ ಮೇಲಿನ ಶಾಸನ ಎಂದುಕೊಳ್ಳುತ್ತಾರೆ.

— ಚಿಯಾಂಗ್ ಮಾಯ್‌ನಿಂದ

*

ಎಲ್ಲರಿಗೂ ಧನ್ಯವಾದ. ಹೀಗೆ ಬರೆದಿದ್ದೇನೆ, ಇನ್ನು ಬದಲಿಸುವುದಿಲ್ಲ.

ತಬಿಯನ್ ಬಾನ್: "ವಾಸದ ದಾಖಲೆ ಪುಸ್ತಕ", ಮೊದಲ ಸಲ ಬಂದಲ್ಲಿ ಥಾಯ್ ಹೆಸರಿನ ಜೊತೆಗೆ, "ಇದು ಒಡೆತನದ ಕಾಗದವಲ್ಲ" ಎಂಬ ಸಾಲಿನ ಜೊತೆಗೆ. ಜಾವ್ ಬಾನ್: "ಮನೆಯ ದಾಖಲೆಯ ಹೊಣೆಗಾರರು". ರೇಷನ್ ಕಾರ್ಡಿನ "ಕುಟುಂಬದ ಮುಖ್ಯಸ್ಥರು" ಹತ್ತಿರ ಬರುತ್ತದೆ, ಆದರೆ ಗೃಹಲಕ್ಷ್ಮಿ ಹಣ ಬಂದ ಮೇಲೆ ಯಜಮಾನಿ, ಮುಖ್ಯಸ್ಥೆ ಎಂಬ ಪದಗಳಿಗೆಲ್ಲ ಬೇರೆಯದೇ ತೂಕ ಬಂದುಬಿಟ್ಟಿದೆ, ಅದಕ್ಕೇ ಬಿಟ್ಟೆ. ಛನೋತ್, ಅನುಭೋಗ, ಪ್ರತ್ಯೇಕ ಸ್ವಂತ ಆಸ್ತಿ: ತುಮಕೂರಿನ ರಾಯರು ಹೇಳಿದಂತೆ. 1469ನ್ನು ಕೆಳಗೆ ಅಡಿಟಿಪ್ಪಣಿಯಲ್ಲಿ ಹಾಕದೆ ಅನುಭೋಗದ ವಾಕ್ಯದೊಳಗೇ ಸೇರಿಸಿದ್ದೇನೆ. ಅಡಿಟಿಪ್ಪಣಿಯನ್ನು ಯಾರೂ ಓದುವುದಿಲ್ಲ. ಮೈಸೂರಿನವರು ಕ್ಷಮಿಸಬೇಕು, ಸಮರಸ ಚೆನ್ನಾಗಿದೆ, ಈ ಕಾಗದದಲ್ಲಿ ಅದಕ್ಕೆ ಜಾಗವಿಲ್ಲ.

ಮಹಾಪ್ರಾಣ ಇಟ್ಟುಕೊಂಡಿದ್ದೇನೆ.

— ಧಾರವಾಡ

*

"ಹೊಣೆಗಾರ"ದಲ್ಲಿ ಗಾರ ಪ್ರತ್ಯಯ ಸಂಸ್ಕೃತದ ಕಾರದಿಂದ ಬಂದದ್ದು ಎಂಬುದು ಮೇಡಂ ಅವರಿಗೆ ಗೊತ್ತಿರಬಹುದು. ಹೊಣೆಯಾಳು ಎನ್ನಬಹುದಿತ್ತು. ಬೇರೆ ಎಳೆಯಲ್ಲಿ ಬರೆಯುತ್ತೇನೆ.

— ಸಾಗರ